ವಾಣಿಜ್ಯಪದವಿಯ ಮೂಲ

ವ್ಯಾಪಾರವು ಅಂಗಡಿಯ ಗಾದಿಯ ಬಳಿ ಕುಳಿತು ಕಲಿಯತಕ್ಕ ಕುಲವೃತ್ತಿಯೇ ಹೊರತು ವಿದ್ಯಾಪೀಠದಲ್ಲಿ ವ್ಯಾಸಂಗ ಮಾಡತಕ್ಕ ವಿಷಯವಲ್ಲವೆಂಬ ಅಭಿಪ್ರಾಯವು ಭಾರತದಲ್ಲಿ ಬಹುಕಾಲ ಬೇರೂರಿದ್ದಿತು. ಆ ಅಭಿಪ್ರಾಯವು ನಿರಾಧಾರವಾದುದೇನೂ ಅಲ್ಲ. ಸಾಹುಕಾರನ ಮಗನು ಕಿರ್ದಿ ಖಾತೆಗಳನ್ನು ಬರೆಯುವುದನ್ನೂ, ಹುಂಡಿಯನ್ನು ಸಕರಿಸುವುದನ್ನೂ, ಸರಕಿನ ಗುಣವನ್ನು ಕೈಯಿಂದ ಮುಟ್ಟಿ ಅರಿಯುವುದನ್ನೂ ತಂದೆಯಿಂದಲೇ ಕಲಿಯುತ್ತಿದ್ದನು. ಬಂಡವಾಳವು ಮನೆತನದ್ದಾಗಿ, ಲಾಭನಷ್ಟಗಳೆರಡೂ ಮನೆಯವರಿಗೇ ತಗಲುತ್ತಿದ್ದಾಗ ಈ ಶಿಕ್ಷಣವು ಸಾಕಾಗಿದ್ದಿತು.

ಆದರೆ ಕೂಡುಬಂಡವಾಳದ ಸಂಸ್ಥೆಗಳು ಹುಟ್ಟಿದ ಮೇಲೆ ಸ್ಥಿತಿಯು ಬೇರೆಯಾಯಿತು. ಪರಸ್ಪರ ಮುಖಪರಿಚಯವೂ ಇಲ್ಲದ ನೂರಾರು ಜನರು ಪಾಲುಹಣವನ್ನಿತ್ತರು. ಶಾಲೆಯ ಉಪಾಧ್ಯಾಯನೂ, ಗತಿಯಿಲ್ಲದ ವಿಧವೆಯೂ ತಮ್ಮ ಅಲ್ಪಸ್ವಲ್ಪ ಉಳಿತಾಯವನ್ನು ಬ್ಯಾಂಕಿನಲ್ಲಿ ಠೇವಣಿಯಾಗಿಟ್ಟರು. ಆಡಳಿತಗಾರರು ತೋರಿಸುವ ಲೆಕ್ಕವು ಸತ್ಯವೆಂಬುದನ್ನು ಇವರು ತಿಳಿಯುವ ಬಗೆ ಯಾವುದು? ವಾಣಿಜ್ಯವು ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದುದರ ಹಿಂದೆ ಈ ಪ್ರಶ್ನೆಯೂ ಅಡಗಿದ್ದಿತು.

ಪಾಶ್ಚಾತ್ಯ ದೇಶಗಳು ಈ ದಾರಿಯಲ್ಲಿ ಮೊದಲೇ ಹೆಜ್ಜೆಯಿಟ್ಟಿದ್ದವು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜೋಸೆಫ್ ವಾರ್ಟನ್ ಎಂಬ ಉದ್ಯಮಿಯು 1881ರಲ್ಲಿ ಒಂದು ಲಕ್ಷ ಡಾಲರುಗಳನ್ನಿತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಇಂತಹ ಶಿಕ್ಷಣಕ್ಕೆ ಅಡಿಗಲ್ಲನ್ನಿಟ್ಟನು. ಇಂಗ್ಲೆಂಡಿನ ಬರ್ಮಿಂಗ್ಹ್ಯಾಮಿನಲ್ಲಿ 1902ರಲ್ಲಿ ವಾಣಿಜ್ಯಶಾಖೆಯು ಆರಂಭವಾಯಿತು. ಅದರ ಮುಖ್ಯಸ್ಥನಾದ ವಿಲಿಯಂ ಆಶ್ಲೆಯು ಆರ್ಥಿಕ ಇತಿಹಾಸದ ಪಂಡಿತನು. ಗುಮಾಸ್ತರನ್ನು ಸಿದ್ಧಪಡಿಸುವುದು ಆತನ ಉದ್ದೇಶವಾಗಿರಲಿಲ್ಲ. ಉದ್ಯಮಗಳನ್ನು ನಡೆಸತಕ್ಕ ನಾಯಕರಿಗೆ ವಿಶಾಲವಾದ ವಿದ್ಯೆಯನ್ನು ಕೊಡಬೇಕೆಂಬುದೇ ಆತನ ಸಂಕಲ್ಪ. ಲೆಕ್ಕಶಾಸ್ತ್ರಕ್ಕೆ ಲಾರೆನ್ಸ್ ಡಿಕ್ಸಿಯು ಅಲ್ಲಿ ಪ್ರಾಧ್ಯಾಪಕನಾದನು.

ಭಾರತದಲ್ಲಿ ಈ ಪ್ರಯತ್ನಕ್ಕೆ ಮುಂಬಯಿಯು ಕ್ಷೇತ್ರವಾಯಿತು. 1913ನೆಯ ಅಕ್ಟೋಬರ್ ತಿಂಗಳಲ್ಲಿ ಅಲ್ಲಿ ವಾಣಿಜ್ಯ ಮತ್ತು ಅರ್ಥಶಾಸ್ತ್ರಗಳ ಕಾಲೇಜು ತೆರೆಯಲ್ಪಟ್ಟು, ಆ ಪ್ರಾಂತದ ಗವರ್ನರಾಗಿದ್ದ ಲಾರ್ಡ್ ಸಿಡನ್‌ಹ್ಯಾಮನ ಹೆಸರನ್ನು ಪಡೆಯಿತು. ಆ ವರ್ಷದ ಇತರ ಘಟನೆಗಳನ್ನು ನೋಡಿದರೆ ಅದರ ಜನನಕಾಲದ ಮಹತ್ವವು ಗೋಚರವಾಗುವುದು. 1905ರ ಸ್ವದೇಶೀ ಚಳುವಳಿಯ ಉತ್ಸಾಹದಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಅನೇಕವು ಸಾಕಷ್ಟು ನಗದನ್ನು ಇಟ್ಟುಕೊಂಡಿರಲಿಲ್ಲ. ಈ ಅಪಾಯವನ್ನು ಜಾನ್ ಮೇನಾರ್ಡ್ ಕೇನ್ಸನು 1913ರಲ್ಲಿಯೇ ಪ್ರಕಟವಾದ ತನ್ನ ಗ್ರಂಥದಲ್ಲಿ ಸೂಚಿಸಿದ್ದನು. ಆ ವರ್ಷದ ಕೊನೆಯೊಳಗೆ ಲಾಹೋರಿನ ಪೀಪಲ್ಸ್ ಬ್ಯಾಂಕು ಮುಚ್ಚಿತು; ಮುಂಬಯಿಯಲ್ಲಿಯೇ, ಬೆಳ್ಳಿಯ ಸಟ್ಟಾವ್ಯವಹಾರದಲ್ಲಿ ತೊಡಗಿದ್ದ ಇಂಡಿಯನ್ ಸ್ಪೀಸಿ ಬ್ಯಾಂಕು ಕುಸಿದುಬಿದ್ದಿತು. ಒಂದೇ ನಗರದ ಒಂದು ಬೀದಿಯಲ್ಲಿ ಠೇವಣಿದಾರರು ಹಣಕ್ಕಾಗಿ ಗೋಳಿಡುತ್ತಿರಲು, ಮತ್ತೊಂದೆಡೆಯಲ್ಲಿ ತರುಣರು ಲೆಕ್ಕಶಾಸ್ತ್ರದ ಮೊದಲ ಪಾಠವನ್ನು ಓದುತ್ತಿದ್ದರು.

ಅದೇ 1913ರಲ್ಲಿ ಆದ ಕಂಪೆನಿಗಳ ಕಾನೂನು ಲೆಕ್ಕಪತ್ರಗಳನ್ನು ಇಡತಕ್ಕ ಕ್ರಮವನ್ನು ವಿಧಿಸಿ, ಸರ್ಕಾರದ ಪ್ರಮಾಣಪತ್ರವುಳ್ಳ ಪರಿಶೋಧಕರು ಅವನ್ನು ಪರೀಕ್ಷಿಸಬೇಕೆಂದು ಗೊತ್ತುಪಡಿಸಿತು. ಕಾನೂನು ಮಾಡಿದ ಮಾತ್ರಕ್ಕೆ ಪರಿಶೋಧಕರು ಹುಟ್ಟಲಾರರು, ಅವರನ್ನು ಸಿದ್ಧಪಡಿಸಬೇಕಾಗಿದ್ದಿತು. 1918ರಲ್ಲಿ ಮುಂಬಯಿಯಲ್ಲಿ ಲೆಕ್ಕಶಾಸ್ತ್ರದ ಸರ್ಕಾರೀ ಡಿಪ್ಲೊಮಾ ಏರ್ಪಟ್ಟಿತು. ಪರೀಕ್ಷೆಯಲ್ಲಿ ತೇರ್ಗಡೆಯಾದುದಲ್ಲದೆ, ಅನುಭವಸ್ಥ ಲೆಕ್ಕಿಗರ ಕೈಕೆಳಗೆ ಮೂರು ವರ್ಷ ಕೆಲಸ ಕಲಿತವರಿಗೆ ಮಾತ್ರ ಪೂರ್ಣಾಧಿಕಾರವು ದೊರೆಯುತ್ತಿದ್ದಿತು. ಗಾದಿಯ ಹಳೆಯ ಶಿಷ್ಯವೃತ್ತಿಯು ಹೀಗೆ ಹೊಸ ರೂಪದಲ್ಲಿ ಉಳಿದುಬಂದಿತು.

ಬಿ.ಕಾಂ. ವಿದ್ಯಾರ್ಥಿಯ ವ್ಯಾಸಂಗವು ಲೆಕ್ಕಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಅರ್ಥಶಾಸ್ತ್ರ, ಬ್ಯಾಂಕಿನ ವ್ಯವಹಾರ, ವ್ಯಾಪಾರದ ಕಾನೂನು, ವಾಣಿಜ್ಯ ಭೂಗೋಳಗಳೂ ಅದರಲ್ಲಿ ಸೇರಿದ್ದವು. ಮೊದಲ ವರ್ಷಗಳಲ್ಲಿ ಪರ್ಸಿ ಆನ್ಸ್ಟಿಯವರು ಆ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. 1918ರಿಂದ 1920ರ ವರೆಗೆ ಅಲ್ಲಿ ಅರ್ಥಶಾಸ್ತ್ರವನ್ನು ಬೋಧಿಸಿದವರು ಡಾ॥ ಭೀಮರಾವ್ ಅಂಬೇಡ್ಕರರು. ಅವರು ತಮ್ಮ ಸಂಬಳದಲ್ಲಿ ಉಳಿಸಿದ ಹಣದಿಂದ ಮತ್ತೆ ಲಂಡನ್ನಿಗೆ ತೆರಳಿ, 1923ರಲ್ಲಿ ರೂಪಾಯಿಯ ಸಮಸ್ಯೆಯನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು.

ಕರ್ನಾಟಕಕ್ಕೂ ಈ ಇತಿಹಾಸದೊಡನೆ ನೇರವಾದ ಸಂಬಂಧವುಂಟು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ, ಅಲ್ಲಿಯ ತರುಣರು ಈ ಪದವಿಗಾಗಿ ಮೊದಮೊದಲು ದೂರದ ಮುಂಬಯಿಗೇ ಹೋಗಬೇಕಾಗಿದ್ದಿತು. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಹುಬ್ಬಳ್ಳಿಯಲ್ಲಿ ಜಗದ್ಗುರು ಗಂಗಾಧರ ವಾಣಿಜ್ಯ ಕಾಲೇಜು 1947ರಲ್ಲಿ ಸ್ಥಾಪಿತವಾದ ಬಳಿಕ ಆ ವಿದ್ಯೆಯು ಮನೆಯ ಬಾಗಿಲಿಗೆ ಬಂದಂತಾಯಿತು.

ಪದವಿಯಿಲ್ಲದೆ ಬ್ಯಾಂಕು ನಡೆಯಲಾರದೆಂದು ಇದರಿಂದ ತಿಳಿಯಬಾರದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರೂ ಸ್ಥಾಪಿಸಿದ ಸಂಸ್ಥೆಗಳು 1913ರ ಬಿರುಗಾಳಿಯಲ್ಲಿಯೂ ನಿಂತವು. ಅವರಲ್ಲಿ ಯಾರೂ ವಾಣಿಜ್ಯಪದವೀಧರರಲ್ಲ. ಆದರೆ ಊರಿನವರೆಲ್ಲರೂ ಸ್ಥಾಪಕರನ್ನು ಬಲ್ಲ ಕಡೆಯಲ್ಲಿ ಸಾಲುವ ನಂಬಿಕೆಯು ಅಪರಿಚಿತರ ನಡುವೆ ಸಾಲದು. ಅಲ್ಲಿ ನಂಬಿಕೆಗೆ ಪರೀಕ್ಷೆಯು ಬೇಕು. ಪ್ರಾಮಾಣಿಕತೆಯನ್ನು ಯಾವ ಪದವಿಯೂ ಕೊಡಲಾರದು. ಮೋಸದ ಲೆಕ್ಕವನ್ನು ಗುರುತಿಸುವ ಕಣ್ಣನ್ನು ಅದು ಕೊಡಬಲ್ಲುದು. ಉಪಾಧ್ಯಾಯನ ಉಳಿತಾಯಕ್ಕೂ ವಿಧವೆಯ ಠೇವಣಿಗೂ ಆ ಕಣ್ಣೇ ಕಾವಲು.