ಧನಿಯಾ ನೀರು ಕುಡಿದರೆ ಥೈರಾಯ್ಡ್ ಮಾತ್ರೆ ಬಿಡಬಹುದೇ?

ಒಂದು ಚಮಚ ಧನಿಯಾವನ್ನು ರಾತ್ರಿ ನೀರಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಕುದಿಸಿ ಖಾಲಿ ಹೊಟ್ಟೆಯಲ್ಲಿ ಕುಡಿದರೆ 15 ದಿನದಲ್ಲಿ ಥೈರಾಯ್ಡ್ ಬುಡಸಮೇತ ಮಾಯವಾಗುತ್ತದೆ, ಮಾತ್ರೆ ಬಿಟ್ಟುಬಿಡಿ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಹರಿದಾಡುತ್ತಿದೆ. ಬೀದರ್, ಭಾಲ್ಕಿ, ಔರಾದ್ ಕಡೆಯ ಗುಂಪುಗಳಲ್ಲಿ ಇದು ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ. ಇದು ನಿಜವೇ ಎಂದು ಓದುಗರು ನಮ್ಮನ್ನು ಕೇಳಿದ್ದಾರೆ.

ನಿಜವಲ್ಲ. ಧನಿಯಾ ನೀರು ಕುಡಿಯುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ತೊಂದರೆ ಇರುವುದು ಸಂದೇಶದ ಕೊನೆಯ ಮಾತಿನಲ್ಲಿ, ಮಾತ್ರೆ ಬಿಡಿ ಎನ್ನುವುದರಲ್ಲಿ.

ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ಥೈರಾಯ್ಡ್ ಎನ್ನುವುದು ಕಾಯಿಲೆಯ ಹೆಸರಲ್ಲ. ಅದು ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ಶಾಲೆಯ ಪಾಠದಲ್ಲಿ ನಿರ್ನಾಳ ಗ್ರಂಥಿಗಳು ಎಂದು ಓದಿರುತ್ತೇವಲ್ಲ, ಅವುಗಳಲ್ಲಿ ಒಂದು. ತಾನು ತಯಾರಿಸಿದ ಹಾರ್ಮೋನನ್ನು ಅದು ನೇರವಾಗಿ ರಕ್ತಕ್ಕೆ ಬಿಡುತ್ತದೆ. ಹಾಗಾಗಿ ಥೈರಾಯ್ಡ್ ನಿಜಕ್ಕೂ ಬುಡಸಮೇತ ಮಾಯವಾದರೆ ಅದು ಒಳ್ಳೆಯ ಸುದ್ದಿಯಲ್ಲ!

ಗ್ರಂಥಿ ಇಲ್ಲವಾದರೆ ಏನಾಗುತ್ತದೆ ಎಂಬುದು 1883ರಲ್ಲೇ ಗೊತ್ತಾಗಿತ್ತು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡೋರ್ ಕೋಖರ್ ಗಳಗಂಡ ಇದ್ದವರಿಗೆ ಥೈರಾಯ್ಡನ್ನು ಕತ್ತರಿಸಿ ತೆಗೆಯುವುದರಲ್ಲಿ ಹೆಸರು ಮಾಡಿದ್ದರು. ಶಸ್ತ್ರಚಿಕಿತ್ಸೆ ಆದವರನ್ನು ಮತ್ತೆ ಕರೆಸಿ ನೋಡಿದಾಗ, ಗ್ರಂಥಿಯನ್ನು ಪೂರ್ತಿ ತೆಗೆದವರಲ್ಲಿ ಹೆಚ್ಚಿನವರ ಮುಖ ಊದಿತ್ತು, ಮಾತು ಮತ್ತು ನಡಿಗೆ ನಿಧಾನವಾಗಿದ್ದವು, ಮಕ್ಕಳ ಬೆಳವಣಿಗೆ ನಿಂತಿತ್ತು. ಕೋಖರ್ ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಥೈರಾಯ್ಡ್ ಕುರಿತ ಕೆಲಸಕ್ಕಾಗಿ 1909ರಲ್ಲಿ ಅವರಿಗೆ ನೊಬೆಲ್ ಬಂತು.

ಎರಡು ಔಷಧಗಳು, ಎರಡು ಹಾದಿ

ಇಂದಿನ ಫಾರ್ವರ್ಡ್ ಅರ್ಥವಾಗಬೇಕಾದರೆ ಮುಂದಿನ ಕಥೆ ತಿಳಿಯಬೇಕು. 1889ರ ಜೂನ್‌ನಲ್ಲಿ, ಪ್ಯಾರಿಸ್‌ನ ಪ್ರಸಿದ್ಧ ವಿಜ್ಞಾನಿ ಬ್ರೌನ್-ಸೆಕಾರ್ ತಮ್ಮ 72ನೇ ವಯಸ್ಸಿನಲ್ಲಿ ಒಂದು ಘೋಷಣೆ ಮಾಡಿದರು. ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತಮಗೇ ಚುಚ್ಚಿಕೊಂಡಿದ್ದು, ಶಕ್ತಿ, ಉತ್ಸಾಹ ಮರಳಿ ಬಂದಿದೆ ಎಂದರು. ಸುದ್ದಿ ದೇಶದಿಂದ ದೇಶಕ್ಕೆ ಹಬ್ಬಿತು. ಅಂದು ಮೊಬೈಲ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. 2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದೇ ವಿಧಾನದಲ್ಲಿ ರಸ ತಯಾರಿಸಿ ಅಳೆದರು. ವೃಷಣದ ಹಾರ್ಮೋನು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ರಸದಲ್ಲಿ ಇದ್ದದ್ದು ಯಾವ ಪರಿಣಾಮಕ್ಕೂ ಸಾಲದಷ್ಟು ಕಡಿಮೆ. ಅವರಿಗೆ ಬಂದ ಉತ್ಸಾಹ ನಂಬಿಕೆಯಿಂದ ಬಂದದ್ದು.

ಎರಡೇ ವರ್ಷಗಳ ನಂತರ, 1891ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಯುವ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ರಸ ತೆಗೆದು 46 ವರ್ಷದ ಮಹಿಳೆಯೊಬ್ಬರಿಗೆ ಚುಚ್ಚಿದರು. ಕೇಳಲು ಇದೂ ಅಷ್ಟೇ ವಿಚಿತ್ರ. ಆದರೆ ಇಲ್ಲಿ ರೋಗಿಗೆ ಕೊರತೆ ಇದ್ದದ್ದು ಯಾವ ಗ್ರಂಥಿಯದೋ ಅದೇ ಗ್ರಂಥಿಯ ರಸ ಕೊಡಲಾಗಿತ್ತು. ಊತ ಇಳಿದದ್ದನ್ನು, ಮಾತು ಚುರುಕಾದದ್ದನ್ನು ಬೇರೆಯವರೂ ನೋಡಬಹುದಿತ್ತು. ಮರುವರ್ಷವೇ ಇತರ ವೈದ್ಯರು ಚುಚ್ಚಬೇಕಿಲ್ಲ, ಬಾಯಿಂದ ಕೊಟ್ಟರೂ ಸಾಕು ಎಂದು ತೋರಿಸಿದರು. (ಇನ್ಸುಲಿನ್ ಹಾಗಲ್ಲ. ಅದನ್ನು ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ.) ಆ ಮಹಿಳೆ ಔಷಧ ಮುಂದುವರಿಸಿ ಇನ್ನೂ 28 ವರ್ಷ ಬದುಕಿ, 1919ರಲ್ಲಿ ತೀರಿಕೊಂಡರು. ಅಷ್ಟು ವರ್ಷಕ್ಕೆ 870 ಕುರಿಗಳ ಥೈರಾಯ್ಡ್ ಬೇಕಾಯಿತು ಎಂದು ಮರ್ರೆ ಲೆಕ್ಕ ಬರೆದಿದ್ದಾರೆ.

‘ಹಾರ್ಮೋನ್’ ಎಂಬ ಪದವೇ ಆಗ ಇರಲಿಲ್ಲ. ಅದನ್ನು ಅರ್ನೆಸ್ಟ್ ಸ್ಟಾರ್ಲಿಂಗ್ ಬಳಸಿದ್ದು 1905ರಲ್ಲಿ. 1914ರ ಡಿಸೆಂಬರ್ 25ರಂದು ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಯ್ಡ್‌ನ ಹಾರ್ಮೋನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದೇ ಥೈರಾಕ್ಸಿನ್. 1920ರ ದಶಕದಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುವುದು ಸಾಧ್ಯವಾಯಿತು. ಈಗ ಔಷಧದ ಅಂಗಡಿಯಲ್ಲಿ ಸಿಗುವ ಸಣ್ಣ ಮಾತ್ರೆ ಅದೇ ವಸ್ತು. ಅದರಲ್ಲಿ ಕುರಿಯೂ ಇಲ್ಲ, ಬೇರೆ ಪ್ರಾಣಿಯ ಗ್ರಂಥಿಯೂ ಇಲ್ಲ.

ಅಂದರೆ ಈ ಮಾತ್ರೆ ಕಾಯಿಲೆಯನ್ನು ಹೊಡೆದೋಡಿಸುವ ಮದ್ದಲ್ಲ. ಗ್ರಂಥಿ ತಯಾರಿಸಲಾಗದ್ದನ್ನು ಹೊರಗಿನಿಂದ ತುಂಬಿಕೊಡುತ್ತದೆ. ‘ಒಮ್ಮೆ ಶುರು ಮಾಡಿದರೆ ಚಟವಾಗುತ್ತದೆ’ ಎಂಬ ಮಾತು ಹುಟ್ಟಿರುವುದು ಇದು ತಿಳಿಯದೆ. ಧನಿಯಾದಲ್ಲಿ ಥೈರಾಕ್ಸಿನ್ ಇಲ್ಲ.

ಹಾಗಾದರೆ ಕೆಲವರಿಗೆ ಗುಣ ಕಂಡಿದ್ದು ಹೇಗೆ?

ಸಂದೇಶದಲ್ಲಿರುವ ‘15 ದಿನ’ವನ್ನು ಗಮನಿಸಿ. ಥೈರಾಕ್ಸಿನ್ ದೇಹದಿಂದ ಬಹಳ ನಿಧಾನವಾಗಿ ಖಾಲಿಯಾಗುತ್ತದೆ. ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಆದ್ದರಿಂದ ಮಾತ್ರೆ ಬಿಟ್ಟು ಧನಿಯಾ ನೀರು ಶುರು ಮಾಡಿದವರಿಗೆ ಮೊದಲ ಒಂದೆರಡು ವಾರ ಏನೂ ಅನಿಸದೇ ಇರಬಹುದು. ‘ನೋಡಿ, ನನಗೆ ಗುಣವಾಯಿತು’ ಎಂದು ಅವರು ಗುಂಪಿನಲ್ಲಿ ಬರೆಯುವುದು ಆ ಹೊತ್ತಿಗೇ. ಅಂದು ಕೆಲಸ ಮಾಡುತ್ತಿರುವುದು ಹಿಂದೆ ನುಂಗಿದ ಮಾತ್ರೆ. ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ಮುಟ್ಟಿನ ಏರುಪೇರು ಆಮೇಲೆ ಒಂದೊಂದಾಗಿ ಬರುತ್ತವೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಗರ್ಭಿಣಿಯರು ಈ ಸಂದೇಶ ನಂಬಿದರೆ ಅಪಾಯ ಇನ್ನೂ ದೊಡ್ಡದು. ಮೊದಲ ತಿಂಗಳುಗಳಲ್ಲಿ ಮಗುವಿಗೆ ತನ್ನದೇ ಥೈರಾಯ್ಡ್ ಹಾರ್ಮೋನು ಇರುವುದಿಲ್ಲ, ಮೆದುಳಿನ ಬೆಳವಣಿಗೆಗೆ ತಾಯಿಯದೇ ಆಧಾರ. ಗರ್ಭ ನಿಂತ ಮೇಲೆ ಹೆಚ್ಚಿನವರಿಗೆ ಮಾತ್ರೆಯ ಪ್ರಮಾಣ ಏರಿಸಬೇಕಾಗುತ್ತದೆ. ಆಗಲೇ ಬಿಟ್ಟರೆ ನಷ್ಟ ಮಗುವಿಗೆ.

ಎಲ್ಲರೂ ಜೀವನವಿಡೀ ಮಾತ್ರೆ ನುಂಗಲೇಬೇಕು ಎಂದೂ ಇಲ್ಲ. ಹೆರಿಗೆಯ ನಂತರ ಕೆಲವರಲ್ಲಿ ಥೈರಾಯ್ಡ್ ಕೆಲವು ತಿಂಗಳು ಏರುಪೇರಾಗಿ ತಾನೇ ಸರಿಹೋಗುತ್ತದೆ. ಅದು ತಿಳಿಯುವುದು ಟಿಎಸ್‌ಎಚ್ ರಕ್ತಪರೀಕ್ಷೆಯಿಂದ. ಪ್ರಮಾಣ ಬದಲಿಸಿದ ಮೇಲೆ ಆ ಪರೀಕ್ಷೆ 6ರಿಂದ 8 ವಾರ ಕಳೆದು ಮಾಡಿದರೆ ಸರಿಯಾದ ಉತ್ತರ ಸಿಗುತ್ತದೆ. ಹದಿನೈದು ದಿನಕ್ಕೆ ಮಾಡಿಸಿ ತೀರ್ಮಾನಕ್ಕೆ ಬರುವಂತಿಲ್ಲ.

ನಮ್ಮ ಭಾಗದವರಿಗೆ ಇನ್ನೊಂದು ಮಾತು. ರಾಜ್ಯದಲ್ಲಿ ಸೋಯಾಬೀನ್ ಹೆಚ್ಚು ಬೆಳೆಯುವುದು ಬೀದರ್ ಜಿಲ್ಲೆಯಲ್ಲಿ. ಸೋಯಾ ಹಿಟ್ಟು, ಸೋಯಾ ಚಂಕ್ಸ್ ಈ ಮಾತ್ರೆ ಕರುಳಿನಲ್ಲಿ ಹೀರಿಕೆಯಾಗುವುದನ್ನು ಕಡಿಮೆ ಮಾಡಬಲ್ಲವು. ಸೋಯಾ ಬಿಡಬೇಕಿಲ್ಲ, ಮಾತ್ರೆಯ ಜೊತೆಗೇ ತಿನ್ನಬಾರದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಮಾತ್ರೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಚಹಾ, ನಾಷ್ಟಾ ಮಾಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಯ ಅಂತರ ಇರಲಿ. ಧನಿಯಾ ನೀರು ಇಷ್ಟವಿದ್ದರೆ ಅದನ್ನೂ ಮಾತ್ರೆಯಾದ ಒಂದು ಗಂಟೆಯ ನಂತರ ಕುಡಿಯಿರಿ. ಪ್ರಮಾಣ ಕಡಿಮೆ ಮಾಡಬಹುದೇ ಎಂಬ ಪ್ರಶ್ನೆಯನ್ನು ಮಾತ್ರೆ ಬರೆದುಕೊಟ್ಟ ವೈದ್ಯರಿಗೆ, ಇಲ್ಲವೇ ಭಾಲ್ಕಿ, ಔರಾದ್‌ನ ತಾಲ್ಲೂಕು ಆಸ್ಪತ್ರೆ, ಬೀದರ್‌ನ ಬ್ರಿಮ್ಸ್‌ನಲ್ಲಿ ಕೇಳಿ. ಹೋಗುವಾಗ ಹಳೆಯ ರಿಪೋರ್ಟ್ ಜೊತೆಗಿರಲಿ.