ಖಂಡೇನವಮಿ ಮತ್ತು ತುಕ್ಕು

ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ಮಹಾನವಮಿಗೆ ಖಂಡೇನವಮಿ ಎಂದೇ ಹೆಸರು, ಖಂಡೆಯವೆಂದರೆ ಕತ್ತಿ. 1948ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅದೇ ಸಂಸ್ಥಾನದ ಕೋನಸಮುದ್ರಂ ಗ್ರಾಮದ ಮೂಸೆಯುಕ್ಕು ಪರ್ಷಿಯಾದವರೆಗೂ ಹೋಗುತ್ತಿತ್ತು. ಅಂತಹ ಉಕ್ಕಿನ ಅಲಗಿನ ಮೇಲೆ ನೀರಿನ ತೆರೆಯಂತಹ ರೇಖೆಗಳಿರುತ್ತವೆ. ನಿಮ್ಮ ಅಟ್ಟದ ಮೇಲಿನ ಕತ್ತಿಯೂ ಆ ಜಾತಿಯದಾಗಿರಬಹುದು, ಬಲ್ಲವರಾರು?

ಆದುದರಿಂದ ಪೂಜೆಯ ಮುನ್ನಾದಿನ ಮರಳುಕಾಗದ ಹಿಡಿದು ಉಜ್ಜುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ರೇಖೆಗಳೂ, ಅಲಗಿನಲ್ಲಿ ಕೆತ್ತಿದ ಅಕ್ಷರಗಳೂ ಒಂದೇ ಸಂಜೆಯಲ್ಲಿ ಅಳಿಸಿಹೋಗುತ್ತವೆ. ಹುಣಸೆಹುಳಿ ಹಿತ್ತಾಳೆಯ ತಂಬಿಗೆಗೆ ಸರಿ, ಉಕ್ಕಿಗಲ್ಲ. ಆಮ್ಲವು ತುಕ್ಕಿನೊಡನೆ ಲೋಹವನ್ನೂ ತಿನ್ನುತ್ತದೆ. ತೆಳುವಾದ ಯಂತ್ರದೆಣ್ಣೆ ಸವರಿ, ಒಂದೆರಡು ದಿನ ಬಿಟ್ಟು, ಸಡಿಲಗೊಂಡ ಕೆಂಪು ಪುಡಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿರಿ. ಗಟ್ಟಿಯಾಗಿ ಅಂಟಿದ ಕಪ್ಪು ಪದರನ್ನು ಮುಟ್ಟಬೇಡಿರಿ. ತೊಗಲಿನ ಒರೆ ತೇವ ಹಿಡಿಯುವುದರಿಂದ ಕತ್ತಿಯನ್ನು ಅದರಿಂದ ಹೊರಗೇ ಇಡಿರಿ.