ಪ್ರತಿಕಾಯದ ಮೇಲೆ ಮದ್ದಿಗೊಂದು ಗೊತ್ತಾದ ಜಾಗ

ಕ್ಯಾನ್ಸರ್‌ಗೆ ಕೊಡುವ ಕೀಮೋಥೆರಪಿ ಮದ್ದಿಗೆ ತನ್ನವರು, ಹೊರಗಿನವರು ಎಂಬ ಭೇದ ತಿಳಿಯದು. ಗೆಡ್ಡೆಯ ಜೊತೆಗೆ ಕೂದಲ ಬುಡ, ಕರುಳಿನ ಒಳಪದರ, ಮೂಳೆಯೊಳಗಿನ ಮಜ್ಜೆಗೂ ಪೆಟ್ಟು ಬೀಳುತ್ತದೆ. ರೋಗದ ಮೇಲಷ್ಟೇ ಎರಗುವ ಮದ್ದು ಸಾಧ್ಯವಿಲ್ಲವೇ? ಜರ್ಮನಿಯ ವಿಜ್ಞಾನಿ ಪೌಲ್ ಎರ್ಲಿಖ್ 20ನೇ ಶತಮಾನದ ಆರಂಭದಲ್ಲೇ ಅಂಥ ಮದ್ದಿನ ಕನಸು ಕಂಡು, ಅದನ್ನು ‘ಮಾಯಾಗುಂಡು’ ಎಂದು ಕರೆದಿದ್ದರು.

ಗುರಿ ಹುಡುಕಬಲ್ಲ ವಸ್ತು ನಮ್ಮ ರಕ್ತದಲ್ಲೇ ಇದೆ. ಅದು ವೈದ್ಯರು ಆಂಟಿಬಾಡಿ ಎನ್ನುವ ಪ್ರತಿಕಾಯ. ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದ ಈ ಪ್ರೋಟೀನು ತನ್ನ ಎರಡು ತೋಳುಗಳ ತುದಿಯಿಂದ ಗುರಿಯನ್ನು ಗುರುತಿಸಿ ಹಿಡಿಯುತ್ತದೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದರು. 1984ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಂದಿತು. ಇನ್ನು ಉಳಿದದ್ದು, ಪ್ರತಿಕಾಯಕ್ಕೆ ಮದ್ದನ್ನು ಕಟ್ಟಿ ಕಳಿಸುವುದು.

ಕಟ್ಟುವುದೇ ಕಷ್ಟವಾಯಿತು. ಮೊದಮೊದಲು ಮದ್ದನ್ನು ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಸುತ್ತಿದ್ದರು. ಒಂದು ಪ್ರತಿಕಾಯದಲ್ಲಿ ಲೈಸಿನ್‌ಗಳು ಹತ್ತಾರು. ಮದ್ದು ಯಾವುದಕ್ಕೆ ಅಂಟೀತೆಂದು ಹೇಳುವಂತಿರಲಿಲ್ಲ. ಹೆಚ್ಚು ಮದ್ದು ಹೊತ್ತದ್ದು ರಕ್ತದಿಂದ ಬೇಗ ಮರೆಯಾಗುತ್ತದೆ. ಏನೂ ಹೊರದದ್ದು ಗುರಿಯಲ್ಲಿ ಸುಮ್ಮನೆ ಜಾಗ ಹಿಡಿಯುತ್ತದೆ. 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಂಥ ಮೊದಲ ಔಷಧ ಜೆಮ್‌ಟುಜುಮ್ಯಾಬ್ ಓಜೋಗಾಮಿಸಿನ್. ರಕ್ತದ ಕ್ಯಾನ್ಸರಿನ ಈ ಔಷಧದಲ್ಲಿ ಸುಮಾರು ಅರ್ಧದಷ್ಟು ಪ್ರತಿಕಾಯಗಳು ಬರಿಗೈಯವಾಗಿದ್ದವು. ಮುಂದಿನ ಪರೀಕ್ಷೆಯಲ್ಲಿ ಲಾಭ ಕಾಣದೆ, ಸಾವುಗಳು ಹೆಚ್ಚಿದ್ದರಿಂದ 2010ರಲ್ಲಿ ಅದನ್ನು ಹಿಂತೆಗೆಯಲಾಯಿತು. ಪ್ರಮಾಣ ತಗ್ಗಿಸಿದ ಮೇಲೆ 2017ರಲ್ಲಿ ಮತ್ತೆ ಒಪ್ಪಿಗೆ ದೊರೆಯಿತು.

ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಂಥ, ರೇಷ್ಮೆ ಸೀರೆ ನೇಯುವ ಊರಿನವರಿಗೆ ಈ ತೊಡಕು ಬೇಗ ಅರ್ಥವಾದೀತು. ಬುಟ್ಟಾ ಎಷ್ಟು, ಎಲ್ಲೆಲ್ಲಿ ಎಂಬುದು ನೇಯುವ ಮೊದಲೇ ನಿಶ್ಚಯವಾಗಿರಬೇಕು. ಎರಚಿದಂತೆ ಬಿದ್ದರೆ ಒಂದು ಸೀರೆಯಂತೆ ಇನ್ನೊಂದಿರದು. ಪ್ರತಿಕಾಯಕ್ಕೂ ಅಂಥ ನಕ್ಷೆ ಬೇಕಾಗಿತ್ತು.

ಅದನ್ನು 2008ರಲ್ಲಿ ಕೊಟ್ಟವರು ಕ್ಯಾಲಿಫೋರ್ನಿಯಾದ ಜೆನೆಂಟೆಕ್ ಸಂಸ್ಥೆಯ ಜಗತ್ ರೆಡ್ಡಿ ಜುನುತುಲ ಮತ್ತು ಸಂಗಡಿಗರು. ಪ್ರತಿಕಾಯದ ವಂಶವಾಹಿಯನ್ನೇ ತಿದ್ದಿ, ಆಯ್ದ ಸ್ಥಾನದಲ್ಲಿ ಗಂಧಕವುಳ್ಳ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಅವರು ಕೂರಿಸಿದರು. ಮದ್ದು ಅಲ್ಲಿಗೇ ಅಂಟಿತು. ಬಹುತೇಕ ಪ್ರತಿಕಾಯಗಳಲ್ಲೂ ಎರಡೇ ಅಣು. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಗೆಡ್ಡೆ ಕುಗ್ಗಿಸುವ ಶಕ್ತಿ ಕುಂದಲಿಲ್ಲ, ವಿಷದ ಬಾಧೆ ಮಾತ್ರ ತಗ್ಗಿತು. ಜಾಗ ಬದಲಾದರೆ ಅದೇ ಮದ್ದು ರಕ್ತದಲ್ಲಿ ಕಳಚಿಕೊಳ್ಳುವ ರೀತಿಯೂ ಬದಲಾಗುತ್ತದೆಂದು 2012ರಲ್ಲಿ ತಿಳಿದುಬಂತು.

ಮದ್ದು ಹೊರುವ ಪ್ರತಿಕಾಯವನ್ನು ತಯಾರಿಸುವ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಬಯೋಕಾನ್ 2006ರಲ್ಲಿ ಕ್ಯೂಬಾದ ಸಹಯೋಗದಿಂದ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ನಿಮೊಟುಜುಮ್ಯಾಬ್ ತಂದಿತು. 2014ರಲ್ಲಿ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್‌ಗೆ ಸಮನಾದ ಔಷಧವನ್ನು ಮಾರುಕಟ್ಟೆಗೆ ಬಿಟ್ಟಿತು. ಇವು ವಿಷ ಹೊರದ ಪ್ರತಿಕಾಯಗಳು. ಆದರೆ ಅದೇ ಟ್ರಾಸ್ಟುಜುಮ್ಯಾಬ್‌ಗೆ ಮದ್ದು ಕಟ್ಟಿದ ಎರಡು ಔಷಧಗಳು 2013 ಮತ್ತು 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಮೊದಲನೆಯದರಲ್ಲಿ ಲೈಸಿನ್‌ಗಳಿಗೆ ಅಂಟಿದ ಮದ್ದು ಪ್ರತಿಕಾಯಕ್ಕೆ ಸರಾಸರಿ 3.5 ಅಣು. ಎರಡನೆಯದರಲ್ಲಿ ಪ್ರತಿಕಾಯದ ಸಹಜ ಸಿಸ್ಟೀನ್‌ಗಳಿಗೇ ಕಟ್ಟಿ, ಸುಮಾರು 8 ಅಣು.

ಎರ್ಲಿಖ್ ಕನಸಿನ ಗುಂಡು ರೋಗಿಯ ಬಳಿ ಬರಲು ಒಂದು ಶತಮಾನ ಹಿಡಿಯಿತು. ಯಾವ ಮದ್ದು ಎಂಬುದರಷ್ಟೇ, ಅದನ್ನು ಎಲ್ಲಿ ಕಟ್ಟಬೇಕು ಎಂಬುದೂ ಮುಖ್ಯವೆಂದು ತಿಳಿಯಲು ಅದರಲ್ಲಿ ಬಹುಪಾಲು ಸಂದುಹೋಯಿತು. ಈ ಕಟ್ಟುವ ಕೆಲಸ ಸಾಮಾನ್ಯ ರೋಗಿಯ ಕೈಗೆಟಕುವ ಬೆಲೆಯಲ್ಲಿ ಆಗುವುದು ಇನ್ನೂ ಬಾಕಿ ಇದೆ.